ಗೆಳೆಯನಿಗೊಂದು ಪತ್ರ: ಟ್ರಂಕು, ಕಂಬಳಿ, ನಾಲ್ಕು ತಿಂಗಳ ಮಳೆ

ಮಡಿಕೇರಿ
ಮೇ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವೂ, ಜೊತೆಗೆ ಮಗನನ್ನು ಸೇರಿಸ್ತಿರೋ ಇಲ್ಲಿನ ಹಾಸ್ಟೆಲ್ ಶಾಲೆಯವರು ಕೊಟ್ಟ ಸಾಮಾನಿನ ಪಟ್ಟಿಯೂ ತಲುಪಿದವು. ಯೂನಿಫಾರಂ ಎರಡು ಜೊತೆ, ಬೆಡ್‌ಶೀಟ್ ಎರಡು, ಟವೆಲ್ ಎರಡು, ಬಕೆಟ್ಟು, ಚೊಂಬು, ತಟ್ಟೆ, ಲೋಟ, ಟ್ರಂಕು, ಬೀಗ. ತಪ್ಪೇನಿಲ್ಲ, ಆದರೆ ಇದು ಬಿಸಿಲು ಬೀಳೋ ಊರಿನ ಪಟ್ಟಿ. ನಿಮ್ಮ ಕುಶಾಲನಗರದಲ್ಲಿ ಕೂತು ಓದಿದರೆ ಸಾಕು ಅನ್ನಿಸುತ್ತೆ. ಮೂವತ್ತು ಕಿಲೋಮೀಟರ್ ಮೇಲೆ ಹತ್ತಿದರೆ ಲೆಕ್ಕವೇ ಬೇರೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ನಿಮ್ಮಲ್ಲಿ ಅದರ ಅರ್ಧವೂ ಇಲ್ಲ. ನಿಮ್ಮ ಪಕ್ಕದ ಕೂಡಿಗೆಯ ಸೈನಿಕ ಶಾಲೆಯ ಮಕ್ಕಳು ಜುಲೈನಲ್ಲೂ ಒಂದಿಷ್ಟು ಬಿಸಿಲು ಕಾಣ್ತಾರೆ. ಇಲ್ಲಿ ಮೇಲೆ ಗಾಳಿಬೀಡಿನ ನವೋದಯ ಶಾಲೆಯ ಮಕ್ಕಳಿಗೆ ಆ ಯೋಗ ಕಡಿಮೆ. ಒಂದೇ ಜಿಲ್ಲೆ, ಆದರೂ ಎರಡು ಆಕಾಶ.

ಹಾಸ್ಟೆಲ್ ಬಿಟ್ಟವರು ವರ್ಷಗಟ್ಟಲೆ ಆದಮೇಲೆ ಸೇರಿದರೆ ಮಂಜು, ಬೆಟ್ಟ, ಕಾಫಿ ಹೂವು ಅಂತ ಮಾತಾಡ್ತಾರೆ. ಒದ್ದೆ ಸಾಕ್ಸಿನ ವಾಸನೆಯ ಬಗ್ಗೆ ಯಾರೂ ಬಾಯಿ ಬಿಡಲ್ಲ. ಗುಡ್ಡದ ಬೋರ್ಡಿಂಗ್ ಅಂದರೆ ಮುಕ್ಕಾಲು ಪಾಲು ಬಟ್ಟೆ ಒಣಗಿಸೋ ಕೆಲಸ ಕಣೋ. ಅದೊಂದು ಹುಡುಗನ ಕೈಗೆ ಹತ್ತಿದರೆ ಉಳಿದದ್ದನ್ನು ಬೆಟ್ಟವೇ ನೋಡಿಕೊಳ್ಳುತ್ತೆ. ಅದಕ್ಕೇ ಈ ಉದ್ದ ಪತ್ರ.

ಮೊದಲು ಪಟ್ಟಿ ತಿದ್ದು. ಜುಲೈನಲ್ಲಿ ಒಗೆದ ಪ್ಯಾಂಟು ಒಣಗೋಕೆ ಮೂರ್ನಾಲ್ಕು ದಿನ ಬೇಕು. ಅಂದಮೇಲೆ ಯೂನಿಫಾರಂ ಎರಡು ಜೊತೆ ಸಾಲದು, ನಾಲ್ಕು ಬೇಕು. ಸಾಕ್ಸು ಎಂಟು ಜೊತೆ, ಒಳ ಉಡುಪು ಹತ್ತು. ದಪ್ಪ ಟರ್ಕಿ ಟವೆಲ್ ಕೊಡಿಸಬೇಡ. ಒಮ್ಮೆ ನೆನೆದರೆ ವಾರವಾದರೂ ಹಸಿಹಸಿ. ತೆಳು ಹತ್ತಿ ಟವೆಲ್ ನಾಲ್ಕಿರಲಿ. ಹೊದಿಯೋಕೆ ಹತ್ತಿ ತುಂಬಿದ ರಜಾಯಿ ಬೇಡವೇ ಬೇಡ. ಅದು ಗಾಳಿಯ ತೇವ ಹೀರಿಕೊಂಡು ಭಾರವಾಗುತ್ತೆ, ಒಳಗಿನ ಹತ್ತಿ ಗಂಟು ಕಟ್ಟುತ್ತೆ. ಉಣ್ಣೆ ಕಂಬಳಿ ಸ್ವಲ್ಪ ತೇವವಾದರೂ ಬೆಚ್ಚಗೇ ಇರುತ್ತೆ. ಚುಚ್ಚುತ್ತೆ ಅಂತ ಗೋಳಾಡ್ತಾನೆ, ಅಡಿಗೆ ಒಂದು ಬೆಡ್‌ಶೀಟ್ ಸೇರಿಸಿ ಹೊದ್ದರೆ ಆಯಿತು.

ಇನ್ನು ಒಣಗಿಸೋ ವಿದ್ಯೆ. ಇದನ್ನು ಮನೆಯಲ್ಲೇ ಎರಡು ಸಲ ಮಾಡಿಸಿ ಕಳಿಸು. ಸೋಪು ಕಡಿಮೆ ಹಚ್ಚಬೇಕು, ಎರಡು ನೀರಿನಲ್ಲಿ ಜಾಲಿಸಬೇಕು, ಉಳಿದ ಸೋಪು ಬಟ್ಟೆಯನ್ನು ಅಂಟಂಟು ಮಾಡುತ್ತೆ. ಚೆನ್ನಾಗಿ ಹಿಂಡಿ, ಒಣ ಟವೆಲಿನ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಮೊಣಕಾಲೂರಿ ಒತ್ತಬೇಕು. ಹಿಂಡಿದಾಗ ಬಾರದ ನೀರು ಟವೆಲಿಗೆ ಬರುತ್ತೆ. ಶರ್ಟನ್ನು ಹಗ್ಗದ ಮೇಲೆ ಮಡಚಿ ಹಾಕಿದರೆ ಎರಡು ಪದರ ಒಂದಕ್ಕೊಂದು ಅಂಟಿಕೊಂಡು ಒಣಗೋದೇ ಇಲ್ಲ. ಹ್ಯಾಂಗರಿಗೆ ಹಾಕಿ ಗುಂಡಿ ಬಿಚ್ಚಿಡಬೇಕು. ಪ್ಯಾಂಟನ್ನು ಒಳಹೊರಗು ಮಾಡಿ, ಜೇಬು ಎಳೆದು ಹೊರಗೆ ಬಿಡಬೇಕು. ಬಟ್ಟೆ ಬಟ್ಟೆಗೆ ಒಂದು ಗೇಣು ಅಂತರ. ಸ್ವೆಟರನ್ನು ಮಾತ್ರ ನೇತುಹಾಕಬಾರದು, ನೀರಿನ ಭಾರಕ್ಕೆ ಜೋತು ಮೊಣಕಾಲಿಗೆ ಬರುತ್ತೆ. ಅದನ್ನು ಹಾಸಿಯೇ ಒಣಗಿಸಬೇಕು.

ಚಳಿ ಅಂತ ಡಾರ್ಮಿಟರಿಯ ಕಿಟಕಿಯನ್ನೆಲ್ಲ ಮುಚ್ಚಿ ಒಳಗೆ ನಲವತ್ತು ಶರ್ಟು ನೇತುಹಾಕಿದರೆ ಆ ನೀರಾದರೂ ಎಲ್ಲಿಗೆ ಹೋಗಬೇಕು? ಗೋಡೆಗೆ, ಹಾಸಿಗೆಗೆ, ಪುಸ್ತಕಕ್ಕೆ. ಗಾಳಿಮಳೆ ಹೊಡೆಯದ ಬದಿಯ ಒಂದು ಕಿಟಕಿ ಬೆರಳಷ್ಟಾದರೂ ತೆರೆದಿರಬೇಕು. ಬಿಸಿನೀರಿನ ಒಲೆಯ ಹತ್ತಿರದ ಹಗ್ಗಕ್ಕೆ ಎಲ್ಲ ಮಕ್ಕಳೂ ಮುಗಿಬೀಳ್ತಾರೆ. ಅಲ್ಲಿ ಬೇಗ ಒಣಗುತ್ತೆ ನಿಜ, ಆದರೆ ಬಿಳಿ ಶರ್ಟು ಹೊಗೆ ಹಿಡಿದು ಹಳದಿಯಾಗುತ್ತೆ. ಸಾಕ್ಸಿಗೂ ಪ್ಯಾಂಟಿಗೂ ಆ ಜಾಗ ಸರಿ. ಬಾಣಲೆಯಲ್ಲಿ ಕೆಂಡ ತಂದು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಳ್ಳೋ ದೊಡ್ಡ ಹುಡುಗರ ಉಪಾಯಕ್ಕೆ ಮಾತ್ರ ಸೇರಬಾರದು ಅಂತ ಖಡಾಖಂಡಿತ ಹೇಳು. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತೆ.

ಅರ್ಧ ಒಣಗಿದ್ದನ್ನು ಇಸ್ತ್ರಿ ಮಾಡಿ ಮುಗಿಸಬಹುದು. ಆದರೆ ಬಿಸಿಯಿರುವಾಗಲೇ ಮಡಚಿ ಟ್ರಂಕಿಗೆ ತುಂಬಿದರೆ ಆವಿ ಒಳಗೇ ಉಳಿದು ನಾಲ್ಕೇ ದಿನಕ್ಕೆ ಕಪ್ಪು ಚುಕ್ಕೆ. ಕಾಲು ಗಂಟೆ ನೇತುಹಾಕಿ ಆಮೇಲೆ ಒಳಗಿಡಲಿ. ಮುಗ್ಗಲು ವಾಸನೆ ಹಿಡಿದ ಬಟ್ಟೆಗೆ ಪೌಡರ್ ಚಿಮುಕಿಸಿ ಪ್ರಯೋಜನವಿಲ್ಲ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮತ್ತೆ ಒಗೆಯಬೇಕು.

ಬಟ್ಟೆಯ ಮೇಲಿನ ಹುಡುಗನ ಗುರುತಿನ ನಂಬರನ್ನು ಮಾರ್ಕರ್ ಪೆನ್ನಿನಲ್ಲಿ ಬರೆದರೆ ಕೆಲವೇ ಒಗೆತಕ್ಕೆ ಅಳಿಸಿ ಹೋಗುತ್ತೆ. ಕಾಲರಿನ ಒಳಗೆ, ಸೊಂಟಪಟ್ಟಿಯ ಒಳಗೆ, ಸಾಕ್ಸಿನ ಮೇಲಂಚಿಗೆ ಕೆಂಪು ದಾರದಲ್ಲಿ ಹೊಲಿದು ಕೊಡಿ. ಮಬ್ಬು ಬೆಳಕಿನಲ್ಲಿ, ನೂರು ಬಿಳಿ ಶರ್ಟುಗಳ ನಡುವೆ, ಕೆಂಪು ದಾರವೇ ಕಣ್ಣಿಗೆ ಬೀಳೋದು.

ಟ್ರಂಕನ್ನು ನೆಲಕ್ಕೆ ಇಟ್ಟರೆ ತಳ ತುಕ್ಕು ಹಿಡಿದು ಆ ಕಲೆ ಅಡಿಯ ಬಟ್ಟೆಗೆ ಬರುತ್ತೆ. ಎರಡು ಮರದ ತುಂಡು ಕೊಟ್ಟು ಕಳಿಸು, ಗೋಡೆಯಿಂದ ಒಂದು ಗೇಣು ದೂರ ಇಡಲಿ. ಒಳಗೆ ಹಾಸಿದ ಪೇಪರನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ನುಸಿಗುಳಿಗೆ ಹುಳುವಿಗೆ ಸರಿ, ಬೂಷ್ಟಿಗೆ ಅದರಿಂದ ಏನೂ ಆಗಲ್ಲ. ಮಳೆ ಬಿಟ್ಟು ಒಂದು ಗಂಟೆ ಬಿಸಿಲು ಬಂದರೆ ಆಟ ಆಮೇಲೆ, ಮೊದಲು ಟ್ರಂಕು ಹೊರಗೆ.

ಶೂ ಎರಡು ಜೊತೆ, ದಿನ ಬಿಟ್ಟು ದಿನ. ಒದ್ದೆಯಾದದ್ದರ ಒಳಗೆ ಪೇಪರ್ ತುರುಕಿ, ಮಲಗೋ ಮುಂಚೆ ಒಮ್ಮೆ ಬದಲಿಸಿದರೆ ಬೆಳಿಗ್ಗೆಗೆ ಹಾಕಿಕೊಳ್ಳೋ ಹಾಗಿರುತ್ತೆ. ಒಲೆಯ ಪಕ್ಕ ಇಟ್ಟರೆ ಚರ್ಮ ಬಿರುಕು ಬಿಡುತ್ತೆ, ಅಟ್ಟೆಯ ಗೋಂದು ಬಿಟ್ಟುಕೊಂಡು ಬಾಯಿ ತೆರೆಯುತ್ತೆ. ಬೆರಳ ಸಂದಿ ಒರೆಸದೆ ಸಾಕ್ಸು ಹಾಕಿದರೆ ಕೆಸರು ಹುಣ್ಣು ಗ್ಯಾರಂಟಿ. ಕಜ್ಜಿ ಬಂದರೆ ಒಬ್ಬನಿಗೆ ಮದ್ದು ಹಚ್ಚಿ ಸುಮ್ಮನಾದರೆ ಪಕ್ಕದ ಹಾಸಿಗೆಯಿಂದ ಮತ್ತೆ ಬರುತ್ತೆ. ಡಾಕ್ಟರಿಗೆ ತೋರಿಸಿ ಇಡೀ ಡಾರ್ಮಿಟರಿಗೆ ಒಂದೇ ರಾತ್ರಿ ಹಚ್ಚಬೇಕು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಅಂಗಡಿಯಿಂದ ನೀನೇ ಟ್ಯೂಬ್ ತಂದು ಕೊಡಬೇಡ. ಸ್ಟೀರಾಯ್ಡ್ ಬೆರೆತ ಮುಲಾಮಿಗೆ ತುರಿಕೆ ನಿಲ್ಲುತ್ತೆ, ಹುಳುಕಡ್ಡಿ ಒಳಗೊಳಗೇ ಹರಡುತ್ತೆ.

ಜಿಗಣೆಗೆ ನಿಮ್ಮ ಮನೆಯವರು ಹೆದರಿದ್ದಾರೆ ಅಂತ ಬರೆದಿದ್ದೀಯ. ಹೆದರೋ ಪ್ರಾಣಿ ಅಲ್ಲ ಅದು, ಕಿರಿಕಿರಿಯ ಪ್ರಾಣಿ. ಕಚ್ಚಿದ್ದನ್ನು ಚಿವುಟಿ ಕೀಳಬಾರದು, ಸುಡಬಾರದು. ಸಪೂರ ತುದಿ ಬಾಯಿ. ಚರ್ಮಕ್ಕೆ ಒತ್ತಿ ಉಗುರು ಜಾರಿಸಿದರೆ ಹಿಡಿತ ಬಿಡುತ್ತೆ, ಆಮೇಲೆ ದಪ್ಪ ತುದಿ ಬಿಡಿಸಿ ಎಸೆಯಬೇಕು. ಉಪ್ಪು ಹಾಕಿದರೂ ಬೀಳುತ್ತೆ, ಆದರೆ ಕುಡಿದದ್ದನ್ನು ಗಾಯದ ಮೇಲೇ ಕಾರಬಹುದು. ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಸೇರಿಸಿರುತ್ತೆ ಅದು, ಹಾಗಾಗಿ ಬಿಟ್ಟಮೇಲೂ ಸುಮಾರು ಹೊತ್ತು ಸೋರುತ್ತೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು. ಕೆರೆದರೆ ಮಾತ್ರ ಕೀವು.

ತಿಂಡಿ ಕಳಿಸೋ ಆಸೆ ಯಾರಿಗಿಲ್ಲ. ಆದರೆ ಚಕ್ಕುಲಿ, ನಿಪ್ಪಟ್ಟು ಡಬ್ಬಿ ತೆರೆದ ಎರಡನೇ ದಿನಕ್ಕೆ ಮೆತ್ತಗಾಗುತ್ತೆ. ಬೆಲ್ಲದ ಚಿಕ್ಕಿ ಬೆವೆತು ಒಂದೇ ಮುದ್ದೆ, ಇರುವೆ ಬೇರೆ. ಚಟ್ನಿಪುಡಿಯನ್ನು ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಚಿಕ್ಕದರಲ್ಲಿ ಹಾಕಿ ಕೊಡಿ, ಒಂದು ಮುಗಿದಮೇಲೆ ಇನ್ನೊಂದು ತೆರೆಯಲಿ. ತುಪ್ಪ, ಉಪ್ಪಿನಕಾಯಿ ಎಷ್ಟಾದರೂ ಸರಿ. ಮೆಸ್ಸಿನ ಸಾರಿಗೆ ತುಪ್ಪ ಇದ್ದವನೇ ಆ ಮೇಜಿನ ರಾಜ, ಅದು ನಿನಗೂ ಗೊತ್ತಿರೋದೇ.

ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನ ಹುಡುಗ ಮನೆಗೆ ಬರ್ತಾನೆ ಅಂದುಕೊಳ್ಳಬೇಡ. ಕರೆದುಕೊಂಡು ಬರೋಕೆ ಹೊರಡಲೂಬೇಡ. ಮರ ಬಿದ್ದು ದಾರಿ ಕಟ್ಟಿರುತ್ತೆ, ಕರೆಂಟು ಹೋಗಿರುತ್ತೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ ರಸ್ತೆಗೆ ಏನಾಯಿತು ಅಂತ ನೋಡಿದ್ದೀಯಲ್ಲ. ಎರಡು ದಿನ ಫೋನ್ ಸಿಗದಿದ್ದರೆ ಟವರ್ ಹೋಗಿದೆ ಅಂತಲೇ ತಿಳಿ. ಮೊದಲ ತಿಂಗಳು ನೋಡೋಕೆ ಹೋಗೋದನ್ನೂ ಆದಷ್ಟು ತಡೆದುಕೋ. ಹತ್ತನೇ ದಿನಕ್ಕೆ ಅಪ್ಪನ ಮುಖ ಕಂಡ ಹುಡುಗ ಮತ್ತೆ ಒಂದನೇ ದಿನದಿಂದ ಅಳೋಕೆ ಶುರು ಮಾಡ್ತಾನೆ.

ಒಂದು ಫೋನ್ ಮಾತ್ರ ಬಂದೇ ಬರುತ್ತೆ, ಸಾಮಾನ್ಯವಾಗಿ ಆಗಸ್ಟ್ 4ರ ಬೆಳಿಗ್ಗೆ. ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನಲ್ಲಿ ಆವತ್ತಿಗೆ ಹದಿನೆಂಟು ಔಷಧಿ ಸೇರಿರುತ್ತೆ ಅನ್ನೋದು ಇಲ್ಲಿನವರ ನಂಬಿಕೆ. ಸೊಪ್ಪನ್ನು ದಂಟಿನ ಸಮೇತ ಚೆನ್ನಾಗಿ ಕುದಿಸಿ ಸೋಸಿದರೆ ಕಡು ನೇರಳೆ ನೀರು ಬರುತ್ತೆ; ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಹಾಕಿ ಪಾಯಸ ಮಾಡ್ತಾರೆ. ಮೆಸ್ಸಿನಲ್ಲಿ ಮಾಡದಿದ್ದರೂ ಊರಿನ ಹುಡುಗರ ಮನೆಯಿಂದ ಡಬ್ಬಿಯಲ್ಲಿ ಬಂದೇ ಬರುತ್ತೆ. ತಿಂದವರ ಮೂತ್ರ ಕೆಂಪಗೆ ಹೋಗುತ್ತೆ. ಹಳಬರು ಬೇಕೆಂದೇ ಹೊಸಬರಿಗೆ ಹೇಳಲ್ಲ. ನೀನಾದರೂ ಹೇಳಿ ಕಳಿಸು. ಅಥವಾ ಬೇಡ ಬಿಡು, ಫೋನ್ ಬರಲಿ.

ಮನೆಯವರಿಗೆ ನನ್ನ ನಮಸ್ಕಾರ, ಹುಡುಗನಿಗೆ ಆಶೀರ್ವಾದ.

ನಿನ್ನ ಗೆಳೆಯ

ತಾ.ಕ.: ಬೀಗ ಹಿತ್ತಾಳೆಯದೇ ತಗೋ, ಕಬ್ಬಿಣದ್ದು ಜುಲೈಗೆ ಕಚ್ಚಿಕೊಳ್ಳುತ್ತೆ. ಎರಡನೇ ಕೀಯನ್ನು ಟ್ರಂಕಿನ ಒಳಗೆ ಇಟ್ಟು ಬೀಗ ಹಾಕೋರೇ ಜಾಸ್ತಿ. ಅದನ್ನು ವಾರ್ಡನ್ ಕೈಗೆ ಕೊಟ್ಟು ಬಾ.