ಶಾಸನವನ್ನು ನನ್ನ ಮಾತಿನಲ್ಲಿ ಬರೆಯಬೇಕಂತೆ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ನಾನು ಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹೊಟ್ಟೆಪಾಡಿಗೆ ಅತಿಥಿ ಉಪನ್ಯಾಸಕಿ. ನನ್ನ ಪ್ರಬಂಧವನ್ನು ಓದದೆಯೇ ಕೃತಿಚೌರ್ಯ ಅಂತ ವಾಪಸ್ ಕಳಿಸಿದ ವಿಷಯವಾಗಿ ನಿಮಗೆ ಮೊದಲೂ ಮನವಿ ಕೊಟ್ಟಿದ್ದೆ. ಅದು ನಿಮ್ಮ ಕಚೇರಿಯಿಂದ ವಿಶ್ವವಿದ್ಯಾಲಯಕ್ಕೆ ಹೋಯಿತು. ಅಲ್ಲಿಂದ ನಮ್ಮ ವಿಭಾಗಕ್ಕೆ ಬಂತು. ವಿಭಾಗದವರು ನನ್ನನ್ನೇ ಕರೆದು, "ಸಚಿವರ ಕಚೇರಿಯಿಂದ ಪತ್ರ ಬಂದಿದೆ, ಇದಕ್ಕೊಂದು ಉತ್ತರ ಬರೆದುಕೊಡಮ್ಮ" ಎಂದರು. ನನ್ನ ದೂರಿಗೆ ನಾನೇ ಉತ್ತರ ಬರೆಯುವ ಭಾಗ್ಯ! ಬರೆಯಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ, ನಾಲ್ಕು ಜನರ ಎದುರಿಗೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸಂಶೋಧನೆಯನ್ನು ಆ ವಿಷಯ ಗೊತ್ತಿರುವವರಿಂದ ಓದಿಸಿ. ಓದಿದ ಮೇಲೆ ಪಾಸು ಮಾಡಲಿ, ಫೇಲು ಮಾಡಲಿ. ಓದದೆ ಅಳೆಯುವುದು ನಿಲ್ಲಲಿ.

ನಡೆದದ್ದು ಇಷ್ಟು. ನನ್ನ ಪ್ರಬಂಧದ ತುಂಬಾ ಶಾಸನಗಳ ಪಾಠ, ಅಂದರೆ ಕಲ್ಲಿನ ಮೇಲಿರುವ ಬರಹ, ಇದೆ. ಶಾಸನದ ಮೇಲಿನ ಪ್ರಬಂಧದಲ್ಲಿ ಶಾಸನ ಇಲ್ಲದಿದ್ದರೆ ಇನ್ನೇನಿರುತ್ತದೆ? ಕೆಲವು ಮೊದಲೇ ಅಚ್ಚಾದವು. ಕೆಲವು ನಾನೇ ಹೋಗಿ ಪಡಿಯಚ್ಚು ತೆಗೆದು ಮತ್ತೆ ಓದಿದವು. ಪಡಿಯಚ್ಚು ತೆಗೆಯುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಮೊದಲು ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆಜಿಡ್ಡು ಎಲ್ಲ ತೊಳೆಯಬೇಕು. ಒದ್ದೆ ಕಾಗದ ಹಚ್ಚಿ, ಗಟ್ಟಿ ಬ್ರಷ್‌ನಿಂದ ಸಮನಾಗಿ ತಟ್ಟುತ್ತಾ ಹೋಗಬೇಕು. ಕಾಗದ ಅಕ್ಷರದ ಗೀರಿನೊಳಗೆ ಇಳಿದು ಕೂರಬೇಕು. ಜೋರಾಗಿ ತಟ್ಟಿದರೆ ಹರಿಯುತ್ತದೆ, ಮೆತ್ತಗೆ ತಟ್ಟಿದರೆ ಅಕ್ಷರ ಏಳುವುದಿಲ್ಲ. ಸ್ವಲ್ಪ ಆರಿದ ಮೇಲೆ ಬಟ್ಟೆಯುಂಡೆಗೆ ಮಸಿ ಹಚ್ಚಿ ಮೇಲಿಂದ ಒತ್ತಬೇಕು. ಆಗ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಕಾಣುತ್ತದೆ. ಕಲ್ಲು ಅರ್ಧ ಹೂತಿದ್ದರೆ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿಕೊಂಡೇ ಇದನ್ನೆಲ್ಲ ಮಾಡಬೇಕು. ನಡುವೆ ಗಾಳಿ ಎದ್ದರೆ ಎಲ್ಲ ಮತ್ತೆ ಶುರು.

ಇಷ್ಟೆಲ್ಲ ಯಾಕೆ ಅಂದರೆ, ಹಿಂದೆ ಓದಿದವರು ಒಂದು ಅಕ್ಷರ ಬೇರೆ ಓದಿದ್ದರೆ ದಾನ ಕೊಟ್ಟವನ ಹೆಸರೇ ಬದಲಾಗಬಹುದು. ಅದನ್ನು ತೋರಿಸಬೇಕಾದರೆ ಹಳೆಯ ಪಾಠ, ಹೊಸ ಪಾಠ ಎರಡನ್ನೂ ಎದುರುಬದುರು ಇಡಬೇಕು. ಹಾಗೇ ಇಟ್ಟೆ. ಯಾವುದು ಎಲ್ಲಿಂದ ಬಂತು ಅಂತ ಪ್ರತಿಯೊಂದಕ್ಕೂ ಬರೆದೆ.

ಪ್ರಬಂಧ ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶದೊಳಗೆ ಹೋಯಿತು. ಹೊರಗೆ ಬಂದಾಗ ಶಾಸನಗಳೆಲ್ಲ ಕೆಂಪು. ನಾನು ಕದ್ದಿದ್ದೇನಂತೆ. ಯಾರಿಂದ? ನಮ್ಮ ಶಾಸನಗಳನ್ನೆಲ್ಲ ಅಚ್ಚುಹಾಕಿದ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದಿಂದ.

ಅದರಲ್ಲೂ ಯಂತ್ರಕ್ಕೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಶಾಪಾಶಯದ ಶ್ಲೋಕದ ಮೇಲೆ. ದಾನಶಾಸನದ ಕೊನೆಗೆ ಬರುತ್ತದಲ್ಲ, 'ಸ್ವದತ್ತಾಂ ಪರದತ್ತಾಂ ವಾ' ಅಂತ. ತಾನು ಕೊಟ್ಟ ಭೂಮಿಯಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಅದನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ಕಂಡಕಂಡ ದಾನಶಾಸನದಲ್ಲೆಲ್ಲ ಇರುವ ಶ್ಲೋಕ. ಒಬ್ಬ ಲಿಪಿಕಾರ ಇನ್ನೊಬ್ಬನಿಂದ ಎತ್ತಿ ಬರೆಯುತ್ತಲೇ ಬಂದಿದ್ದಾನೆ. ಅಲ್ಲಿ ಯಾರಾದರೂ ಕೃತಿಚೌರ್ಯ ಮಾಡಿದ್ದರೆ ಅವರು ತೀರಿಹೋಗಿ ಸಾವಿರ ವರ್ಷವಾಯಿತು. ಹಿಡಿಯಲು ಸಿಕ್ಕಿದ್ದು ನಾನೊಬ್ಬಳೇ.

ವರದಿ ಹಿಡಿದು ವಿಶ್ವವಿದ್ಯಾಲಯದ ಪಿಎಚ್.ಡಿ. ಸೆಕ್ಷನ್ನಿಗೆ ಹೋದೆ. ಅಲ್ಲಿದ್ದವರು ಸಮಾಧಾನದಿಂದಲೇ ಹೇಳಿದರು: "ಮೇಡಂ, ಕೆಂಪು ಇರೋದನ್ನೆಲ್ಲ ನಿಮ್ಮ ಮಾತಲ್ಲಿ ಬರೆದುಬಿಡಿ. ಪರ್ಸೆಂಟೇಜ್ ಇಳಿಯತ್ತೆ." ಶಾಸನವನ್ನು ನನ್ನ ಮಾತಿನಲ್ಲಿ! ಸಚಿವರೇ, ರಾಜ ಹೊರಡಿಸಿದ ಶಾಸನವನ್ನು ನಾನು ತಿದ್ದಿ ಬರೆದರೆ ಅದನ್ನು ಸಂಶೋಧನೆ ಅನ್ನುವುದಿಲ್ಲ, ಕೂಟಶಾಸನ ಅನ್ನುತ್ತಾರೆ. ಹಳೆಯ ಕಾಲದಲ್ಲೂ ಇಂಥ ಖೋಟಾ ದಾಖಲೆ ಮಾಡುವವರಿದ್ದರು. ಆದರೆ ಹಾಗೆ ಮಾಡು ಅಂತ ವಿಶ್ವವಿದ್ಯಾಲಯದವರೇ ಸಲಹೆ ಕೊಡುವುದನ್ನು ಈಗಲೇ ನೋಡಿದ್ದು. ಇನ್ನು ಆ ಶಾಪವನ್ನು ನನ್ನ ಮಾತಿನಲ್ಲಿ ಬರೆದರೆ ಅದು ಯಾರಿಗೆ ತಟ್ಟುವ ಹಾಗೆ ಬರೆಯುತ್ತಿದ್ದೆ ಅಂತ ಹೇಳುವುದಿಲ್ಲ, ಬಿಡಿ.

ನಿಯಮ ನಿಮಗೆ ಗೊತ್ತೇ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಕೃತಿಚೌರ್ಯ ತಡೆ ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಮೂಲ ಹೇಳಿ ಉದ್ಧರಿಸಿದ ಭಾಗವನ್ನು ಸಾಮ್ಯತೆಯ ಲೆಕ್ಕದಿಂದ ಬಿಡಬೇಕು. ಗ್ರಂಥಸೂಚಿ ಬಿಡಬೇಕು. ಕಾನೂನಿನ ಪಾಠ, ಸಮೀಕರಣ ಎಲ್ಲ ಬಿಡಬೇಕು. ಅವನ್ನೆಲ್ಲ ಬಿಟ್ಟಮೇಲೆ ಶೇ 10 ದಾಟಿದರೆ ಆಗ ಕೇಳಿ. ನಮ್ಮಲ್ಲಿ ಬಿಡುವುದು ಯಾರು? ಯಂತ್ರ ಬಿಡುವುದಿಲ್ಲ. ಬಿಡುವುದು ಹೇಗೆ ಅಂತ ಸೆಕ್ಷನ್‌ನವರಿಗೆ ಯಾರೂ ಹೇಳಿಕೊಟ್ಟಿಲ್ಲ. ಒಟ್ಟು ಸಂಖ್ಯೆ ನೋಡುತ್ತಾರೆ, ವಾಪಸ್ ಕಳಿಸುತ್ತಾರೆ. ಒಂದು ಪುಟ ತೆರೆದು ನೋಡಿದ್ದರೂ ಸಾಕಿತ್ತು. ಇದು ಹಳಗನ್ನಡ, ಈ ಹೆಣ್ಣುಮಗಳು ಬರೆದದ್ದಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು, ಅಲ್ವಾ?

ಇದು ನನ್ನೊಬ್ಬಳ ಗೋಳಾಗಿದ್ದರೆ ಸುಮ್ನೆ ಇರುತ್ತಿದ್ದೆ. ವಚನಗಳ ಮೇಲೆ ಕೆಲಸ ಮಾಡುವವರ ಪಾಡೂ ಇದೇ, ಜನಪದ ಕಾವ್ಯದವರದ್ದೂ ಇದೇ. ಇನ್ನು ವಿಜ್ಞಾನದವರು ಆರಾಮಾಗಿದ್ದಾರೆ ಅಂದುಕೊಳ್ಳಬೇಡಿ. ಗಣಿತದಲ್ಲಿ ಸಂಶೋಧನೆ ಮಾಡುವ ಗೆಳತಿಯೊಬ್ಬಳನ್ನು ಪ್ರಗತಿ ಪರಿಶೀಲನೆಯಲ್ಲಿ "ನಿಮ್ಮ ಡೇಟಾ ಎಲ್ಲಿ?" ಅಂತ ಕೇಳಿದರು. ಅದೇ ಸಭೆಯಲ್ಲಿ ನನ್ನನ್ನು "ಸ್ಯಾಂಪಲ್ ಸೈಜ್ ಎಷ್ಟು?" ಅಂತ ಕೇಳಿದ್ದರು. ಉಳಿದಿರುವ ಕಲ್ಲೇ ಇಷ್ಟು ಸ್ವಾಮಿ, ಬೇಕು ಅಂದರೆ ಎಲ್ಲಿಂದ ತರಲಿ? ಹೊಸದಾಗಿ ಕೆತ್ತಿಸಲಾ?

ಸಂಶೋಧನೆ ಒಂದೇ ಥರ ಇರುವುದಿಲ್ಲ. ಇದನ್ನು ನಿಮಗೆ ಹೇಳಬೇಕಾಗಿ ಬಂದದ್ದೇ ಬೇಸರ. 1915ರಲ್ಲಿ ಮಸ್ಕಿಯಲ್ಲಿ ಒಂದು ಬಂಡೆಗಲ್ಲಿನ ಶಾಸನ ಸಿಕ್ಕಿತು. ಅದನ್ನು ಕಂಡದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಅಲ್ಲಿಯವರೆಗೆ ಗೊತ್ತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದು ಮಾತ್ರ ಇರುತ್ತಿತ್ತು. ಆ ರಾಜ ಅಶೋಕನೇ ಅಂತ ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆಯ ಮೇಲೆ ಹೆಸರೇ ಕೆತ್ತಿತ್ತು: ಅಶೋಕ. ಊಹೆ ಗಟ್ಟಿಯಾಯಿತು. ಒಂದೇ ಕಲ್ಲು, ಒಂದೇ ಹೆಸರು. ಸ್ಯಾಂಪಲ್ ಸೈಜ್ 1. ನಮ್ಮ ಸಮಿತಿಯ ಮುಂದೆ ಬಂದಿದ್ದರೆ 'ಸಾಲದು' ಅಂತ ಷರಾ ಬರೆದು ಕಳಿಸುತ್ತಿದ್ದರು.

ಚೀನಾದ ತು ಯೂಯೂ ಮಲೇರಿಯಾಕ್ಕೆ ಔಷಧ ಹುಡುಕುತ್ತಾ ಹಳೆಯ ವೈದ್ಯಗ್ರಂಥಗಳನ್ನು ತಡಕಿದರು. ಸುಮಾರು 1600 ವರ್ಷ ಹಳೆಯ ಒಂದು ಪುಸ್ತಕದಲ್ಲಿ, ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಬರೆದಿತ್ತು. ಕುದಿಸಿ ಅಂತ ಇರಲಿಲ್ಲ. ಬಿಸಿ ಮಾಡಿದರೆ ಮದ್ದಿನ ಗುಣ ಹೋಗುತ್ತದೇನೋ ಅಂತ ಅವರಿಗೆ ಅಲ್ಲೇ ಹೊಳೆಯಿತು. ಕಡಿಮೆ ಶಾಖದಲ್ಲಿ ಸಾರ ತೆಗೆದರು. ಆರ್ಟೆಮಿಸಿನಿನ್ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಆ ಹಳೆಯ ಗ್ರಂಥವನ್ನು ಪ್ರತಿ ಮಾಡಿ ಉಳಿಸಿದವರಿಗೆ, ಪತ್ರಿಕೆಗಳ ತೂಕ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಯಾವುದಿತ್ತು? ಬ್ಯಾಬಿಲೋನಿಯಾದ ಜೇಡಿಮಣ್ಣಿನ ಹಲಗೆಗಳಲ್ಲಿ ಬರೆದಿಟ್ಟ ಗ್ರಹಣದ ಲೆಕ್ಕ ಇಟ್ಟುಕೊಂಡು, ಭೂಮಿ ತಿರುಗುವುದು ಎಷ್ಟು ನಿಧಾನವಾಗುತ್ತಿದೆ ಅಂತ ಇವತ್ತಿನ ಖಗೋಳ ವಿಜ್ಞಾನಿಗಳು ಅಳೆದಿದ್ದಾರೆ. ಹಲಗೆ ಓದಲು ಬರುವವರು ಇಲ್ಲದಿದ್ದರೆ ಆ ಅಳತೆಯೂ ಇಲ್ಲ. ನಮ್ಮ ಶಾಸನಗಳಲ್ಲೂ ಗ್ರಹಣದ ದಿನ ಕೊಟ್ಟ ದಾನಗಳು ಬೇಕಾದಷ್ಟಿವೆ.

ಇನ್ನು ಕಾಯುವ ಸಂಶೋಧನೆ. ಹವಾಯಿಯ ಮೌನಾ ಲೋವಾದಲ್ಲಿ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಮೊದಲ ವರ್ಷವೇ 'ಹೊಸದೇನು ಕಂಡುಹಿಡಿದಿರಿ?' ಅಂತ ಕೇಳಿದ್ದರೆ ಅವರು ಏನು ತೋರಿಸಬೇಕಿತ್ತು? ಫರ್ಮಾ ಎಂಬ ಗಣಿತಜ್ಞನ ಕೊನೆಯ ಪ್ರಮೇಯವನ್ನು ಸಾಧಿಸಲು ಗಣಿತದ ಆಂಡ್ರ್ಯೂ ವೈಲ್ಸ್ 7 ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದರು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೇಳುವ ನಮ್ಮ ಸೆಕ್ಷನ್ ಅವರಿಗೆ ಸಿಗಲಿಲ್ಲ, ಪುಣ್ಯವಂತರು.

ಈಗ ಅಂಕಪಟ್ಟಿಗೆ ಬರೋಣ. ಅದೂ ನಿಮಗೆ ಬಾಯಿಪಾಠ ಇರಬೇಕು. ಅಧ್ಯಾಪಕರ ನೇಮಕಾತಿ, ಬಡ್ತಿಗೆ ಯುಜಿಸಿ 2018ರಲ್ಲಿ ಮಾಡಿದ ಪಟ್ಟಿ. ಭಾಷೆ, ಮಾನವಿಕ ವಿಷಯದವರ ಒಂದು ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರು ತಂದ ಒಂದು ಇಡೀ ಪುಸ್ತಕಕ್ಕೂ 10. ಪುಸ್ತಕ ಸಂಪಾದನೆಗೆ 8, ಅನುವಾದಕ್ಕೆ 8. ಕಿಟೆಲ್ 70 ಸಾವಿರ ಪದಗಳ ನಿಘಂಟು ಮಾಡಿದರು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅದನ್ನು ಹೊರತಂದಿತು. ಅದಕ್ಕೆ 10 ಅಂಕ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಆದ್ದರಿಂದ ಅಂತರರಾಷ್ಟ್ರೀಯ ಪ್ರಕಾಶಕರು ಅಂತ ಯಾರಾದರೂ ವಾದ ಹೂಡಿದರೆ 12 ಆಗಬಹುದು. ಅದಕ್ಕೊಂದು ಉಪಸಮಿತಿ ಬೇಕಾಗುತ್ತದೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಪತ್ರಿಕೆಯಲ್ಲಿ ಬರೆದರೆ ಜಾಸ್ತಿ ಅಂಕ. ಹಿಂದಿನ ಎರಡು ವರ್ಷದ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅನ್ನುವುದೇ ಆ ಲೆಕ್ಕ. ಅದು ಪತ್ರಿಕೆಯ ಲೆಕ್ಕ, ಲೇಖನದ್ದಲ್ಲ. ಬಿ.ಎಲ್. ರೈಸ್ ತಂದ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ 1886ರದ್ದು. ನಾವು ಇವತ್ತಿಗೂ ಅದನ್ನು ತೆರೆಯುತ್ತೇವೆ. ಎರಡು ವರ್ಷದ ಲೆಕ್ಕದಲ್ಲಿ ಅದಕ್ಕೆ ಸೊನ್ನೆ. ಕಲೆ, ಮಾನವಿಕ ವಿಷಯಗಳ ಸೂಚಿಯಲ್ಲಿದ್ದ ಪತ್ರಿಕೆಗಳಿಗೆ 2023ರವರೆಗೆ ಇಂಪ್ಯಾಕ್ಟ್ ಫ್ಯಾಕ್ಟರನ್ನೇ ಕೊಡುತ್ತಿರಲಿಲ್ಲ. ಇಲ್ಲದ್ದನ್ನು ನಮ್ಮಿಂದ ಕೇಳುತ್ತಿದ್ದರು.

ಜಂಟಿ ಲೇಖನದ ನಿಯಮವಂತೂ ಚೆಂದ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯವರಿಗೆ ಅಥವಾ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30. ಹಿಗ್ಸ್ ಎಂಬ ಮೂಲಕಣದ ತೂಕ ಹೇಳಿದ 2015ರ ಲೇಖನಕ್ಕೆ 5154 ಲೇಖಕರು. ಹೆಸರುಗಳ ಪಟ್ಟಿ ಶುರುವಾಗುವುದು ಅಕಾರಾದಿಯಲ್ಲಿ. ನಮ್ಮ ಪಟ್ಟಿಯ ಪ್ರಕಾರ 'ಎ' ಅಕ್ಷರದಲ್ಲಿ ಹುಟ್ಟಿದ ಒಬ್ಬರಿಗೆ ಶೇ 70, ಉಳಿದ 5153 ಜನಕ್ಕೆ ತಲಾ ಶೇ 30. ಗಣಿತದವರೂ ಸಾಮಾನ್ಯವಾಗಿ ಅಕಾರಾದಿಯಲ್ಲೇ ಹೆಸರು ಹಾಕುತ್ತಾರೆ. ನನ್ನ ಗೆಳತಿಯ ಹೆಸರು 'ವಿ'ಯಿಂದ ಶುರುವಾಗುತ್ತದೆ, ಪಾಪ.

ಎಣಿಕೆಯಿಂದ ಗುಣಮಟ್ಟ ಬಂದಿದ್ದರೆ ಒಪ್ಪಬಹುದಿತ್ತು. 2018ರಲ್ಲಿ ಯುಜಿಸಿಯೇ ತಾನು ಒಪ್ಪಿದ್ದ ಪಟ್ಟಿಯಿಂದ 4305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಕೇರ್ ಅಂತ ಒಪ್ಪಿದ ಪತ್ರಿಕೆಗಳ ಇನ್ನೊಂದು ಪಟ್ಟಿ ತಂದಿತು. 2025ರಲ್ಲಿ ಅದನ್ನೂ ಕೈಬಿಟ್ಟಿತು. ಪಿಎಚ್.ಡಿ.ಗೆ ಮೊದಲು ಲೇಖನ ಪ್ರಕಟವಾಗಲೇಬೇಕು ಅನ್ನುವ ಕಡ್ಡಾಯವನ್ನು 2022ರಲ್ಲೇ ತೆಗೆದಿದೆ. ನಮ್ಮಲ್ಲಿ ಇನ್ನೂ ಕೇಳುತ್ತಾರೆ, ಅದೂ ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಸೂಚಿಯಲ್ಲಿರುವ ಪತ್ರಿಕೆಯದ್ದೇ. ಕನ್ನಡದಲ್ಲಿ ಬರೆದ ಲೇಖನಕ್ಕೆ ಸ್ಕೋಪಸ್ ಎಲ್ಲಿಂದ ತರಲಿ ಅಂದರೆ, "ದುಡ್ಡು ಕೊಟ್ಟರೆ ಹಾಕುವವರಿದ್ದಾರೆ, ಇಂಗ್ಲಿಷ್ ಮಾಡಿಸಿ" ಎನ್ನುತ್ತಾರೆ. ರಜೆಯಲ್ಲಿ ಸಂಬಳವಿಲ್ಲದ ಅತಿಥಿ ಉಪನ್ಯಾಸಕಿಗೆ ಕೊಡುವ ಸಲಹೆ ಇದು. ಪದವಿ ಸಿಗದಿದ್ದರೆ ಬರುವ ವರ್ಷ ಆ ಕೆಲಸವೂ ಇರುತ್ತದೋ ಇಲ್ಲವೋ.

ಇದು ಯುಜಿಸಿ ವಿಷಯ, ನಮ್ಮ ಕೈಯಲ್ಲಿಲ್ಲ ಅನ್ನಬೇಡಿ. ಅಂಕಪಟ್ಟಿ ದಿಲ್ಲಿಯದ್ದು ಇರಬಹುದು. ಉದ್ಧರಣೆ ಬಿಟ್ಟು ಲೆಕ್ಕ ಹಾಕಿ ಅಂತಲೂ ದಿಲ್ಲಿಯೇ ಹೇಳಿದೆಯಲ್ಲ, ಅದನ್ನು ಪಾಲಿಸದೆ ಇರುವುದು ನಮ್ಮವರೇ. ನೀವು ರಾಜ್ಯ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳು. ಒಂದು ಸುತ್ತೋಲೆ ಸಾಕು. ಮೂಲಪಠ್ಯ ಬಿಟ್ಟು ಸಾಮ್ಯತೆ ನೋಡಿ. ಪರಿಶೀಲನಾ ಸಮಿತಿಯಲ್ಲಿ ಆ ವಿಷಯದವರು ಒಬ್ಬರಾದರೂ ಇರಲಿ, ಅವರು ಪ್ರಬಂಧ ಓದಿ ಸಹಿ ಮಾಡಲಿ. ಗಣಿತವನ್ನು ಗಣಿತದವರು ಓದಲಿ, ಶಾಸನವನ್ನು ಶಾಸನ ಓದಲು ಬರುವವರು ಓದಲಿ. ಓದಿಸಿ ಸಚಿವರೇ. ಬೇರೇನೂ ಕೇಳುತ್ತಿಲ್ಲ.

ಸುತ್ತೋಲೆ ಬರೆಯುವುದೂ ಕಷ್ಟವಿಲ್ಲ. ಯುಜಿಸಿ ನಿಯಮದ ಸಾಲನ್ನು ಹಾಗೇ ಎತ್ತಿ ಹಾಕಿ. ಅದನ್ನು ಯಾರೂ ಯಂತ್ರಕ್ಕೆ ಹಾಕುವುದಿಲ್ಲ.

ಪರಿಷ್ಕರಿಸಿದ ಪ್ರತಿ ಕೊಡಲು ನನಗೆ ಈ ಸೆಮಿಸ್ಟರ್ ಮುಗಿಯುವವರೆಗೆ ಗಡುವಿದೆ. ಶಾಸನದ ಒಂದಕ್ಷರವನ್ನೂ ನಾನು ಬದಲಾಯಿಸುವುದಿಲ್ಲ. ಅದೇ ಪ್ರತಿಯನ್ನು ಮತ್ತೆ ಕೊಡುತ್ತೇನೆ. ಅಷ್ಟರೊಳಗೆ ಸುತ್ತೋಲೆ ಬರಲಿ. ಈ ಪತ್ರವನ್ನು ದಯವಿಟ್ಟು ಉತ್ತರ ಬರೆಯಲು ನನಗೇ ಕಳಿಸಬೇಡಿ.

ಇಂತಿ,
ಒಬ್ಬ ಸಂಶೋಧನಾ ವಿದ್ಯಾರ್ಥಿನಿ