ಮನೆಯ ಉಳಿತಾಯ ನೀರಿನಿಂದಲೇ ಶುರುವಾಗಲಿ
ಎಲ್ಲರಿಗೂ ನಮಸ್ಕಾರ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಎಷ್ಟೋ ಕಡೆ ಬೋರ್‌ವೆಲ್ 1,000 ಅಡಿ ದಾಟಿದೆ. ಹಾಗಿರುವಾಗ ನೀರನ್ನು ಸುಮ್ನೆ ಚರಂಡಿಗೆ ಬಿಡೋದು ಸರಿಯಲ್ಲ, ಅಲ್ವಾ?

ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದು ಕರಿಬೇವು, ನುಗ್ಗೆ ಗಿಡಕ್ಕೆ ಹಾಕಿ. ಈ ಕೆಲಸ ಮಕ್ಕಳಿಗೇ ಕೊಡಿ, ಖುಷಿಯಿಂದ ಮಾಡುತ್ತಾರೆ. ಆರ್‌ಒ ಫಿಲ್ಟರ್ ಹೊರಬಿಡುವ ನೀರಲ್ಲಿ ಉಪ್ಪಿನಂಶ ಜಾಸ್ತಿ. ಅದು ಗಿಡಕ್ಕೆ ಬೇಡ, ನೆಲ ಒರೆಸಲು ಇಟ್ಟುಕೊಳ್ಳಿ.

ಟೊಮೆಟೊ ಅಗ್ಗವಾದಾಗ ಜಾಸ್ತಿ ಕೊಂಡು ತೊಕ್ಕು ಮಾಡಿಡಿ.

ಇನ್ನು ಹಳೆ ಪಂಚೆ, ಸೀರೆ ಇದ್ದವರು ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆಗೆ ತನ್ನಿ. ಹೊಲಿಗೆ ಮಷೀನ್ ಇದೆ, ಸಂತೆಗೆ ಒಯ್ಯಲು ಚೀಲ ಹೊಲಿಯೋಣ. ಬರುವವರು ಇಲ್ಲೇ ತಿಳಿಸಿ.