ಮೆಡಿಕಲ್ ಸ್ಟೋರ್ ತೆರೆಯುತ್ತಿರುವ ಸುಹಾಸನಿಗೆ

ಸರಸ್ವತಿಪುರಂ, ಮೈಸೂರು

ಚಿರಂಜೀವಿ ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫಾರ್ಮಸಿ ಓದು ಮುಗಿಸಿ ಮಂಡ್ಯದಲ್ಲಿ ಸ್ವಂತ ಮೆಡಿಕಲ್ ಸ್ಟೋರ್ ತೆರೆಯಲಿದ್ದೀಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು, ಬಹಳ ಸಂತೋಷವಾಯಿತು. ಔಷಧಶಾಸ್ತ್ರದ ಪಾಠ ಹೇಳುತ್ತಲೇ ಆಯುಸ್ಸು ಕಳೆದವಳಾದ್ದರಿಂದ ಆಂಟಿಬಯೋಟಿಕ್‌ಗಳ ವಿಷಯದಲ್ಲಿ ನಿನಗೆ ಒಂದು ಮಾತನ್ನು ಬಿಡಿಸಿ ಹೇಳಬೇಕೆನಿಸಿದೆ. ಅವುಗಳನ್ನು ಹೆಸರುಗಳ ಪಟ್ಟಿಯಾಗಿ ಉರುಹೊಡೆಯಬೇಡ; ಯಾವ ಔಷಧ ಬ್ಯಾಕ್ಟೀರಿಯಾದ ಯಾವ ಜಾಗಕ್ಕೆ ಪೆಟ್ಟು ಕೊಡುತ್ತದೆಂಬುದನ್ನು ಹಿಡಿದು ನೆನಪಿಡು. ಆ ಜಾಗ ಗೊತ್ತಿದ್ದರೆ ಔಷಧ ಎಲ್ಲಿ ನಾಟುತ್ತದೆ, ಎಲ್ಲಿ ವ್ಯರ್ಥವಾಗುತ್ತದೆ ಎರಡೂ ತಿಳಿಯುತ್ತವೆ.

ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಮೆರೊಪೆನೆಮ್ ಇವೆಲ್ಲ ಬೀಟಾ-ಲ್ಯಾಕ್ಟಮ್ ವರ್ಗದವು. ಬ್ಯಾಕ್ಟೀರಿಯಾದ ಗೋಡೆಯಲ್ಲಿ ಪೆಪ್ಟಿಡೋಗ್ಲೈಕಾನ್ ಎಂಬ ಗಟ್ಟಿ ಜಾಲವಿರುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಈ ಔಷಧಗಳು ಅಂಟಿಕೊಂಡು ಅದರ ಕೆಲಸ ನಿಲ್ಲಿಸುವುದರಿಂದ, ಬೆಳೆಯುತ್ತಿರುವ ಬ್ಯಾಕ್ಟೀರಿಯಾ ತನ್ನೊಳಗಿನ ಒತ್ತಡವನ್ನು ತಾಳಲಾರದೆ ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ ನಮಗೆ ಆ ಪೆಟ್ಟು ತಾಗುವುದಿಲ್ಲ. ಅಲರ್ಜಿಯ ಮಾತು ಬೇರೆ. ಅದನ್ನು ಪ್ರತಿ ಸಲವೂ ಕೇಳಿಯೇ ಕೊಡಬೇಕು. ಮೈಕೋಪ್ಲಾಸ್ಮ ಎಂಬ ಬ್ಯಾಕ್ಟೀರಿಯಾಕ್ಕೂ ಗೋಡೆಯಿಲ್ಲ. ಅದು ತಂದ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಎಷ್ಟು ನುಂಗಿದರೂ ಫಲವಿಲ್ಲ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಹೊರಬಿಟ್ಟು ಔಷಧವನ್ನೇ ತುಂಡರಿಸುತ್ತವೆ. ಆ ಕಿಣ್ವವನ್ನು ಕಟ್ಟಿಹಾಕಲೆಂದೇ ಅಮಾಕ್ಸಿಸಿಲಿನ್ ಜೊತೆಗೆ ಕ್ಲಾವುಲಾನಿಕ್ ಆಮ್ಲವನ್ನು ಸೇರಿಸುತ್ತಾರೆ. ಆದ್ದರಿಂದ ಚೀಟಿಯಲ್ಲಿ ಎರಡೂ ಕೂಡಿದ ಮಾತ್ರೆ ಬರೆದಿದ್ದರೆ, ಬೆಲೆ ಕಡಿಮೆಯೆಂದು ಬರೀ ಅಮಾಕ್ಸಿಸಿಲಿನ್ ಕೊಟ್ಟು ಕಳಿಸಬೇಡ.

ಎರಡನೆಯ ದೊಡ್ಡ ಗುರಿ ಪ್ರೋಟೀನ್ ತಯಾರಿಸುವ ರೈಬೋಸೋಮ್. ಬ್ಯಾಕ್ಟೀರಿಯಾದ್ದು 70ಎಸ್, ನಮ್ಮ ಜೀವಕೋಶದ್ದು 80ಎಸ್ (ಎಸ್ ಎಂಬುದು ವೇಗವಾಗಿ ತಿರುಗಿಸಿದಾಗ ಕಣ ತಳಕ್ಕಿಳಿಯುವ ವೇಗದ ಅಳತೆ). ಈ ವ್ಯತ್ಯಾಸವೇ ರೋಗಿಯನ್ನು ಕಾಯುತ್ತದೆ. ಜೆಂಟಾಮೈಸಿನ್‌ನಂಥವು ರೈಬೋಸೋಮಿನ ಚಿಕ್ಕ ತುಂಡಿಗೆ ಅಂಟಿ ತಪ್ಪು ಪ್ರೋಟೀನ್ ಕಟ್ಟಿಸುತ್ತವೆ. ಆದರೆ ಅವು ಬ್ಯಾಕ್ಟೀರಿಯಾದೊಳಗೆ ಹೋಗಲು ಆಮ್ಲಜನಕ ಬೇಕು. ಗಾಳಿಯಿಲ್ಲದ ಕೀವಿನ ಗಂಟಿನಲ್ಲಿ ಸೋಲುತ್ತವೆ. ಮೆಟ್ರೊನಿಡಜೋಲ್ ಅದಕ್ಕೆ ತದ್ವಿರುದ್ಧ, ಆಮ್ಲಜನಕವಿಲ್ಲದಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ಒಳಗೇ ಅದು ವಿಷವಾಗುತ್ತದೆ. ಡಾಕ್ಸಿಸೈಕ್ಲಿನ್ ಕೂಡ ಚಿಕ್ಕ ತುಂಡನ್ನೇ ಹಿಡಿಯುತ್ತದೆ. ಕ್ಯಾಲ್ಸಿಯಂಗೆ ಅಂಟುವ ಗುಣ ಅದಕ್ಕಿರುವುದರಿಂದ ಹಾಲಿನೊಡನೆ ನುಂಗಬಾರದೆಂದು ಹೇಳಿ ಕೊಡು.

ಅಜಿಥ್ರೋಮೈಸಿನ್ ಹಿಡಿಯುವುದು ದೊಡ್ಡ ತುಂಡನ್ನು. ನೆಗಡಿಗೂ ಗಂಟಲು ಕೆರೆತಕ್ಕೂ ಜನ ಚೀಟಿಯಿಲ್ಲದೆ ಬಾಯಲ್ಲೇ ಕೇಳುವ ಮಾತ್ರೆ ಇದು. ನೆಗಡಿ ತರುವ ವೈರಸ್‌ಗೆ ಪೆಪ್ಟಿಡೋಗ್ಲೈಕಾನಿನ ಗೋಡೆಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ಔಷಧ ಅಂಟುವುದಾದರೂ ಎಲ್ಲಿ? ಅಷ್ಟರಲ್ಲಿ ಮೈಯೊಳಗಿನ ಬೇರೆ ಬ್ಯಾಕ್ಟೀರಿಯಾಗಳು ಆ ಔಷಧವನ್ನು ತಾಳುವುದನ್ನು ಕಲಿತಿರುತ್ತವೆ. ಕಬ್ಬು ಕಡಿಯುವ ಕೂಲಿ ಬಿಟ್ಟು ಬಂದವರು ‘ಎರಡೇ ಎರಡು ಮಾತ್ರೆ ಕತ್ತರಿಸಿ ಕೊಡಿ ಸ್ವಾಮಿ’ ಎಂದಾಗ ಗದರಬೇಡ. ಕುಳಿತು ವಿವರಿಸು, ಆದರೆ ಕೊಡಬೇಡ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಸಾಯದೆ ಬಲಿಯುತ್ತದೆಂದು ಎಚ್ಚರಿಸಿದ್ದರು.

ಉಳಿದವು ಬೇಗ ಹೇಳಬಹುದಾದವು. ಸಿಪ್ರೊಫ್ಲಾಕ್ಸಸಿನ್ ಡಿಎನ್‌ಎ ಸುರುಳಿ ಬಿಚ್ಚುವ ಗೈರೇಸ್ ಕಿಣ್ವವನ್ನು ತಡೆಯುತ್ತದೆ. ಸಲ್ಫಾ ಮತ್ತು ಟ್ರೈಮೆಥೊಪ್ರಿಮ್ ಜೋಡಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಫೋಲೇಟ್ ಎಂಬ ಬಿ ವಿಟಮಿನ್‌ನ ತಯಾರಿಯನ್ನು ಎರಡು ಹಂತಗಳಲ್ಲಿ ಮುರಿಯುತ್ತದೆ; ನಮಗೆ ಫೋಲೇಟ್ ಆಹಾರದಿಂದಲೇ ಬರುತ್ತದೆ.

ಕ್ಷಯದ ಔಷಧಗಳ ಬಗ್ಗೆ ಮಾತ್ರ ನಿಧಾನವಾಗಿ ಓದು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ ಇಲ್ಲಿ ಕ್ಷಯರೋಗದ ಆಸ್ಪತ್ರೆ ಕಟ್ಟಿಸಿದಾಗ, ಒಳ್ಳೆಯ ಗಾಳಿ, ಊಟ, ವಿಶ್ರಾಂತಿಗಳೇ ಚಿಕಿತ್ಸೆಯಾಗಿದ್ದವು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತರೂ, ಅದೊಂದನ್ನೇ ಕೊಟ್ಟ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಕೆಲವೇ ತಿಂಗಳಲ್ಲಿ ಅದಕ್ಕೆ ಬಗ್ಗದಂತಾಯಿತು. ಆದ್ದರಿಂದಲೇ ಇಂದು ಐಸೊನಿಯಜಿಡ್ ಕ್ಷಯಾಣುವಿನ ಮೇಣದಂಥ ಹೊದಿಕೆಯನ್ನೂ, ರಿಫಾಂಪಿಸಿನ್ ಅದರ ಆರ್‌ಎನ್‌ಎ ತಯಾರಿಯನ್ನೂ ಒಟ್ಟಿಗೆ ತಡೆಯುವಂತೆ, ಇನ್ನೆರಡು ಔಷಧಗಳೊಡನೆ ಕೂಡಿಸಿ ಕೊಡುತ್ತಾರೆ. ಒಂದಕ್ಕೆ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಎಂದು. ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣವಾಗುತ್ತದೆಂದು ಮೊದಲೇ ಹೇಳು. ಹೇಳದಿದ್ದರೆ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ.

ಶೆಡ್ಯೂಲ್ ಎಚ್1ರ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಾನೂನು ಪಟ್ಟಿಮಾಡಿದ ಔಷಧಗಳಿಗೆ ಬೇರೆ ರಿಜಿಸ್ಟರ್ ಇಡು. ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಅಂದಂದೇ ಬರೆದು 3 ವರ್ಷ ಕಾಪಾಡಬೇಕು. ಚೀಟಿಯ ಅಕ್ಷರ ತಿಳಿಯದಿದ್ದರೆ ಊಹಿಸಬೇಡ, ಬರೆದ ವೈದ್ಯರಿಗೇ ಫೋನ್ ಮಾಡಿ ಕೇಳು.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಮ್ಮ